ಸೂಪರ್ ಮಾರಿಯೋ ಬ್ರದರ್ಸ್ ಟ್ಯಾಸ್‌ನಲ್ಲಿ ಗ್ಲಿಚ್ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಟ್ಯಾಸ್ ಎಂದರೆ ಪ್ರತಿ ಫ್ರೇಮ್‌ಗೂ (ಪರದೆಯ ಒಂದೊಂದು ಚಿತ್ರಕ್ಕೂ) ಯಾವ ಬಟನ್ ಒತ್ತಬೇಕೆಂದು ಮೊದಲೇ ಬರೆದಿಟ್ಟು, ಯಂತ್ರದ ಸಹಾಯದಿಂದ ಆಟ ಆಡಿಸುವುದು; ಆ ಬಟನ್‌ಗಳ ಪಟ್ಟಿಯೇ ಮೂವಿ ಫೈಲ್. ಅದು ಓಡುತ್ತಿರುತ್ತದೆ. 8-2ರಲ್ಲಿ (8ನೇ ವರ್ಲ್ಡ್, 2ನೇ ಲೆವೆಲ್) ಮಾರಿಯೋ ಗೋಡೆಗೆ ಬಡಿದು ಸೀದಾ ಗುಂಡಿಗೆ ಬೀಳುತ್ತಾನೆ. ಆಗ ಬಹುತೇಕರು ಮಾಡುವುದು ಒಂದೇ: ಆ ಗೋಡೆಯ ಆಸುಪಾಸಿನ ನಾಲ್ಕೈದು ಫ್ರೇಮ್‌ಗಳ ಇನ್‌ಪುಟ್ ಹಿಂದೆ ಮುಂದೆ ಸರಿಸುತ್ತ ಕೂರುವುದು. ಇದರಿಂದ ಕೆಲಸ ಕೆಡುವುದೇ ಹೆಚ್ಚು. ಬಿದ್ದ ಜಾಗ ಒಂದು, ಎಡವಿದ ಜಾಗ ಇನ್ನೊಂದು. ಎಡವಿದ್ದು ಸಾವಿರಾರು ಫ್ರೇಮ್ ಹಿಂದೆ, ಕೆಲವೊಮ್ಮೆ ಟೈಟಲ್ ಪರದೆಗೂ ಮೊದಲೇ ಇರಬಹುದು. ಹಾಗಾಗಿ ಗ್ಲಿಚ್ (ಆಟದ ದೋಷವನ್ನೇ ಬಳಸುವ ತಂತ್ರ) ಮುಟ್ಟುವ ಮೊದಲು ಯಾವ ಸಂಖ್ಯೆ ಎಲ್ಲಿ ಮೊದಲು ಬೇರೆಯಾಯಿತು ಎಂದು ಹಿಡಿಯಬೇಕು.

ಇಲ್ಲಿರುವುದೆಲ್ಲ 1985ರ ಮೂಲ ಆಟದ, ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್‌ನ ಟಿವಿ ಪದ್ಧತಿ) ಎನ್‌ಇಎಸ್ (ನಿಂಟೆಂಡೊ ಕನ್ಸೋಲ್) ಆವೃತ್ತಿಗೆ ಅನ್ವಯ. ಉಪಕರಣ ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರ್ (ಕನ್ಸೋಲನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ) ಎಂದು ಇಟ್ಟುಕೊಂಡಿದೆ. ಬಿಜ್‌ಹಾಕ್ ಎಂಬ ಇನ್ನೊಂದು ಎಮ್ಯುಲೇಟರ್‌ನಲ್ಲಿ ಮೆನು ಬೇರೆ, ತರ್ಕ ಅದೇ. ಮೆಮೊರಿ ವಿಳಾಸಗಳೆಲ್ಲ ಹೆಕ್ಸಾಡೆಸಿಮಲ್. 077ಎಫ್ ಎಂದಲ್ಲಿ ಕೊನೆಯ ಅಂಕಿ ಎಫ್. ವೇಗ, ಪಿಕ್ಸೆಲ್, ಫ್ರೇಮ್ ಲೆಕ್ಕ ಮಾತ್ರ ದಶಮಾನದಲ್ಲಿದೆ.

ಮೊದಲು ಫೈಲ್, ಆಮೇಲೆ ಆಟ

ಐದು ನಿಮಿಷದ ಈ ಪರಿಶೀಲನೆ ಬಿಟ್ಟರೆ ಮುಂದಿನದೆಲ್ಲ ದಂಡ.

ರೋಮ್ ಫೈಲ್ (ಕಾರ್ಟ್ರಿಡ್ಜ್‌ನ ಪ್ರತಿ) 40,976 ಬೈಟ್ ಇರಬೇಕು: 16 ಬೈಟ್ ಹೆಡರ್, 32,768 ಬೈಟ್ ಪ್ರೋಗ್ರಾಂ, 8,192 ಬೈಟ್ ಚಿತ್ರದತ್ತಾಂಶ. ಗಾತ್ರ ಸರಿಯಿದ್ದರೂ ಚೆಕ್‌ಸಮ್ ಹೊಂದಿಕೆಯಾಗದೆ ಎಮ್ಯುಲೇಟರ್ ಎಚ್ಚರಿಕೆ ಕೊಟ್ಟರೆ ಅಲ್ಲೇ ನಿಲ್ಲಿಸಿ. ಯೂರೋಪಿನ ಪಾಲ್ ಆವೃತ್ತಿ ಸೆಕೆಂಡಿಗೆ ಸುಮಾರು 50 ಫ್ರೇಮ್ ಓಡುತ್ತದೆ, ಅದಕ್ಕೆ ತಕ್ಕಂತೆ ಮಾರಿಯೋನ ಚಲನೆಯನ್ನೂ ಬದಲಿಸಲಾಗಿದೆ. ಎನ್‌ಟಿಎಸ್‌ಸಿಯ 60.0988 ಫ್ರೇಮ್‌ಗೆ ಬರೆದ ಇನ್‌ಪುಟ್ ಅಲ್ಲಿ ಮೊದಲ ಲೆವೆಲ್ಲನ್ನೂ ದಾಟಿಸದು. ಫ್ಯಾಮಿಕಾಮ್ ಡಿಸ್ಕ್ ಆವೃತ್ತಿಯೂ ಬೇರೆಯೇ. ಅದರ ಮೈನಸ್ ವರ್ಲ್ಡ್‌ನಲ್ಲಿ (ಗ್ಲಿಚ್‌ನಿಂದ ಮಾತ್ರ ತಲುಪುವ ಜಾಗ) ಮುಗಿಸಬಹುದಾದ ಮೂರು ಲೆವೆಲ್ ಇವೆ, ಕಾರ್ಟ್ರಿಡ್ಜ್‌ನಲ್ಲಿ ಮುಗಿಯದ ಒಂದೇ ನೀರಿನ ಲೆವೆಲ್.

ಎಫ್‌ಎಂ2 ಮೂವಿ ಫೈಲ್ ಸಾದಾ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದು ಹೆಡರ್ ಓದಿ. ಪಾಲ್ ಸೂಚಕ 0 ಇರಬೇಕು. ಹೊಸ ಪಿಪಿಯು (ಚಿತ್ರ ಬಿಡಿಸುವ ಚಿಪ್) ಸೂಚಕ ರೆಕಾರ್ಡ್ ಮಾಡಿದಾಗ ಏನಿತ್ತೋ ಈಗಲೂ ಅದೇ ಇರಬೇಕು. ಇದು ಯಾಕೆ ಮುಖ್ಯವೆಂದರೆ, ಆಟ ಶುರುವಾಗುವ ಮುನ್ನ ಎರಡು ವಿಬ್ಲ್ಯಾಂಕ್‌ಗಾಗಿ (ಒಂದು ಚಿತ್ರ ಮುಗಿದು ಮುಂದಿನದು ಶುರುವಾಗುವ ನಡುವಿನ ಬಿಡುವು) ಕಾಯುತ್ತದೆ; ಅಲ್ಲಿ ಎಷ್ಟು ಫ್ರೇಮ್ ಕಳೆಯುತ್ತದೆ ಎಂಬುದು ಎಮ್ಯುಲೇಟರ್ ಪಿಪಿಯುವನ್ನು ಎಷ್ಟು ನಿಖರವಾಗಿ ಅನುಕರಿಸುತ್ತದೆ ಎಂಬುದರ ಮೇಲೆ ನಿಂತಿದೆ. ಒಂದು ಫ್ರೇಮ್ ವ್ಯತ್ಯಾಸ ಬಂದರೆ ಇಡೀ ಮೂವಿ ಒಂದು ಫ್ರೇಮ್ ಪಕ್ಕಕ್ಕೆ ಸರಿಯುತ್ತದೆ. ಇಂಥದ್ದಕ್ಕೆ ಪರಿಹಾರ ಸುಲಭ: ಮೂವಿಯ ತಲೆಯಲ್ಲಿ ಒಂದು ಖಾಲಿ ಫ್ರೇಮ್ ಸೇರಿಸಿ ಅಥವಾ ತೆಗೆಯಿರಿ. ನಡುವೆ ಎಲ್ಲೂ ಕೈಹಾಕಬೇಡಿ.

ಪವರ್ ಹಾಕಿದಾಗ ರಾಮ್‌ನಲ್ಲಿರುವ (ಕನ್ಸೋಲಿನ ಕೆಲಸದ ಮೆಮೊರಿ) ಕಸವೇ ಡಿಸಿಂಕ್‌ಗೆ (ಮೂವಿ ಮತ್ತು ಆಟ ತಾಳ ತಪ್ಪುವುದಕ್ಕೆ) ಕಾರಣ ಎಂಬ ಮಾತು ಪದೇಪದೇ ಕೇಳಿಬರುತ್ತದೆ. ಬೇರೆ ಆಟಗಳಲ್ಲಿ ನಿಜವಿರಬಹುದು, ಇದರಲ್ಲಿ ಅದು ಅಪರೂಪ. ಆಟ ಶುರುವಾದೊಡನೆ ಟಾಪ್ ಸ್ಕೋರಿನ ಆರು ಅಂಕಿಗಳೂ 10ಕ್ಕಿಂತ ಕಡಿಮೆ ಇವೆಯೇ, 07ಎಫ್ಎಫ್‌ನಲ್ಲಿ ಎ5 ಇದೆಯೇ ಎಂದು ನೋಡುತ್ತದೆ. ಎರಡೂ ಹೌದಾದರೆ ಮಾತ್ರ ಅದು ರೀಸೆಟ್ ಎಂದು ತಿಳಿದು ಮೆಮೊರಿಯ ತುದಿಯ ಚೂರನ್ನು ಉಳಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಬಹುತೇಕ ಎಲ್ಲವನ್ನೂ ಸೊನ್ನೆ ಮಾಡುತ್ತದೆ. ಕಸದಲ್ಲಿ ಆ ಸಂಯೋಗ ತಾನಾಗಿ ಬರುವ ಸಾಧ್ಯತೆ ತೀರಾ ಕಡಿಮೆ. ಟೆನಿಸ್ ಕಾರ್ಟ್ರಿಡ್ಜ್ ಅದಲು ಬದಲು ಮಾಡಿ ವಿಚಿತ್ರ ವರ್ಲ್ಡ್‌ಗಳಿಗೆ ಹೋಗುವ ಹಳೆಯ ತಂತ್ರ ಇದೇ ಉಳಿದ ಚೂರಿನ ಮೇಲೆ, 07ಎಫ್‌ಡಿಯ ಮೇಲೆ ನಿಂತಿದೆ.

ಬೇರೆಯಾದ ಮೊದಲ ಫ್ರೇಮ್ ಹಿಡಿಯುವುದು

ಸರಿಯಾಗಿ ಓಡುವ ಹಳೆಯ ಪ್ರತಿ ಒಂದು, ಕೆಟ್ಟ ಪ್ರತಿ ಒಂದು ಬೇಕು. ಎರಡನ್ನೂ ಒಂದೇ ಫ್ರೇಮ್‌ಗೆ ತಂದು ರಾಮ್ ವಾಚ್‌ನಲ್ಲಿ (ಮೆಮೊರಿಯ ಸಂಖ್ಯೆ ತೋರಿಸುವ ಕಿಟಕಿ) ಹೋಲಿಸಿ. ಮಧ್ಯದಿಂದ ಶುರುಮಾಡಿ: 9,000ನೇ ಫ್ರೇಮ್‌ನಲ್ಲಿ ಒಂದೇ ಆಗಿದ್ದರೆ ದೋಷ ಅದರ ನಂತರ, ಬೇರೆಯಾಗಿದ್ದರೆ ಅದಕ್ಕೆ ಮೊದಲು. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 18,000 ಫ್ರೇಮ್‌ಗಳ ಮೂವಿಗೂ 15 ಹೋಲಿಕೆ ಸಾಕು. 2,048 ಬೈಟ್ ರಾಮ್ ಪೂರ್ತಿ ಹೋಲಿಸಬೇಡಿ. ಸ್ಟಾಕ್‌ನಲ್ಲಿ ಉಳಿದ ಹಳೆಯ ಬೈಟ್‌ಗಳು ನಿರಪಾಯವಾಗಿ ಬೇರೆಯಾಗಿದ್ದು ದಾರಿ ತಪ್ಪಿಸುತ್ತವೆ. ಇಷ್ಟು ಸಾಕು:

- ಅಡ್ಡ ಸ್ಥಾನ: 006ಡಿ (ಪುಟ), 0086 (ಪಿಕ್ಸೆಲ್), 0400 (ಸಬ್‌ಪಿಕ್ಸೆಲ್, ಅಂದರೆ ಪಿಕ್ಸೆಲ್‌ನ ಭಿನ್ನಾಂಕ), ಅಡ್ಡ ವೇಗ 0057
- ಲಂಬ ಸ್ಥಾನ 00ಸಿಇ, ಲಂಬ ವೇಗ 009ಎಫ್, ಅವುಗಳ ಭಿನ್ನಾಂಕ 0416 ಮತ್ತು 0433
- ಗಡಿಯಾರಗಳು: 0009, 077ಎಫ್
- ರ‍್ಯಾಂಡಮ್ ರಿಜಿಸ್ಟರ್: 07ಎ7ರಿಂದ 7 ಬೈಟ್
- ಆಟ ಓದಿಕೊಂಡ ಇನ್‌ಪುಟ್: 06ಎಫ್‌ಸಿ
- ಶತ್ರುಗಳ ಸ್ಲಾಟ್ (ಒಂದೊಂದು ಶತ್ರುವಿಗೂ ಇಟ್ಟ ಜಾಗ): 000ಎಫ್‌ನಿಂದ 0014

ಮೊದಲು ಗಡಿಯಾರದಂಥ ಮೂರು ಸಂಖ್ಯೆ ನೋಡಿ: 0009, 077ಎಫ್, 07ಎ7. ಮಾರಿಯೋ ಎಲ್ಲಿದ್ದಾನೆ ಎಂಬುದು ಆಮೇಲಿನ ಮಾತು. ಈ ಮೂರೂ ಬೇರೆ ಬೇರೆ ಸಂದರ್ಭದಲ್ಲಿ ನಿಲ್ಲುವ ಗಡಿಯಾರಗಳಾದ್ದರಿಂದ ಅವುಗಳ ನಡುವಿನ ವ್ಯತ್ಯಾಸವೇ ರೋಗ ಹೇಳಿಬಿಡುತ್ತದೆ.

07ಎ7ರ ರಿಜಿಸ್ಟರ್ ಪವರ್ ಹಾಕಿದಾಗ ಎ5 ಬೀಜದಿಂದ ಶುರುವಾಗಿ, ಆಟ ಪ್ರಕ್ರಿಯಿಸಿದ ಪ್ರತಿ ಫ್ರೇಮ್‌ಗೂ ಒಮ್ಮೆ ತಿರುಗುತ್ತದೆ. ನೀವು ಏನೇ ಒತ್ತಿ, ಏನೇ ಕೊಲ್ಲಿ, ಅದರ ಮೇಲೆ ಪರಿಣಾಮವಿಲ್ಲ. ಆಟವನ್ನು ಪಾಸ್ ಮಾಡಿದಾಗಲೂ (ತಡೆದು ನಿಲ್ಲಿಸಿದಾಗಲೂ) ತಿರುಗುತ್ತಲೇ ಇರುತ್ತದೆ. ಅದು ಬೇರೆಯಾಗಿದ್ದರೆ ಆಟಗಾರನ ತಪ್ಪಲ್ಲ: ಬೂಟ್ ವ್ಯತ್ಯಾಸ ಅಥವಾ ಲ್ಯಾಗ್ ಫ್ರೇಮ್ (ಕೆಲಸ ಮುಗಿಯದೆ ಆಟ ಬಿಟ್ಟುಬಿಟ್ಟ ಫ್ರೇಮ್).

07ಎ7 ಒಂದೇ ಇದ್ದು 0009 ಮತ್ತು 077ಎಫ್ ಎರಡೂ ಬೇರೆಯಾಗಿದ್ದರೆ ಎಲ್ಲೋ ಒಂದು ಪಾಸ್ ಹೆಚ್ಚೋ ಕಡಿಮೆಯೋ ಆಗಿದೆ. ಪಾಸ್‌ನಲ್ಲಿ ಇವೆರಡೂ ನಿಲ್ಲುತ್ತವೆ. 0009 ಒಂದೇ ಇದ್ದು 077ಎಫ್ ಮಾತ್ರ ಬೇರೆಯಾದರೆ ಮಾರಿಯೋ ದೊಡ್ಡವನಾದ ಅಥವಾ ಪೆಟ್ಟು ತಿಂದು ಚಿಕ್ಕವನಾದ ಕ್ಷಣ ನೋಡಿ: ಆಗ 0747 ಸೊನ್ನೆಯಲ್ಲದೆ ಇರುವಷ್ಟು ಹೊತ್ತು ಟೈಮರ್‌ಗಳು ನಿಂತಿರುತ್ತವೆ, ಫ್ರೇಮ್ ಎಣಿಕೆ ಮಾತ್ರ ಸಾಗುತ್ತದೆ. 077ಎಫ್ ಒಂದೇ, 0009 ಮಾತ್ರ ಬೇರೆ? ಲೆವೆಲ್ ಅಥವಾ ಪೈಪಿನೊಳಗಿನ ಭಾಗ ಬೇರೆ ಫ್ರೇಮ್‌ನಲ್ಲಿ ಲೋಡ್ ಆಗಿದೆ. ಪ್ರತಿ ಲೋಡ್‌ನಲ್ಲೂ 0009 ಸೊನ್ನೆಗೆ ಮರಳುತ್ತದೆ, 077ಎಫ್ ಮರಳುವುದಿಲ್ಲ.

ಮೂರೂ ಒಂದೇ ಇದ್ದು ಸ್ಥಾನ ಬೇರೆಯಾಗಿದ್ದರೆ ಮಾತ್ರ ಇನ್‌ಪುಟ್ ಕಡೆ ತಿರುಗಿ.

ಒತ್ತಿದ್ದು ಬೇರೆ, ಆಟ ಓದಿದ್ದು ಬೇರೆ

06ಎಫ್‌ಸಿಯ ಬಿಟ್‌ಗಳು ಮೇಲಿನಿಂದ ಕೆಳಕ್ಕೆ ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಬಲ ಮತ್ತು ಬಿ ಒತ್ತಿದ್ದರೆ ಹೆಕ್ಸಾಡೆಸಿಮಲ್‌ನಲ್ಲಿ 41 ಕಾಣಬೇಕು. ಮೂವಿಯ ಸಾಲಿನಲ್ಲಿ ಇದ್ದದ್ದು ಇಲ್ಲಿ ಇಲ್ಲದಿದ್ದರೆ ಆ ಫ್ರೇಮ್ ಲ್ಯಾಗ್ ಆಗಿದೆ. ಈ ಆಟದ ಇಡೀ ತರ್ಕ ಎನ್‌ಎಂಐ (ಪ್ರತಿ ಫ್ರೇಮ್‌ಗೂ ಪ್ರೊಸೆಸರ್‌ಗೆ ಬರುವ ಕರೆ) ಒಳಗೇ ಓಡುತ್ತದೆ. ಕೆಲಸ ಒಂದು ಫ್ರೇಮ್ ಮೀರಿದರೆ ಮುಂದಿನ ಎನ್‌ಎಂಐ ತಪ್ಪಿಹೋಗಿ, ಅದರ ಜೊತೆ ಕಂಟ್ರೋಲರ್ ಓದುವುದೂ ತಪ್ಪುತ್ತದೆ. ಟ್ಯಾಸ್ ಎಡಿಟರ್‌ನಲ್ಲಿ ಲ್ಯಾಗ್‌ಗೆ ತಕ್ಕಂತೆ ಇನ್‌ಪುಟ್ ತಾನಾಗಿ ಸರಿಸುವ ಆಯ್ಕೆ ಇದೆ. ಮೂವಿ ಕಟ್ಟುವಾಗ ಉಪಯುಕ್ತ; ದೋಷ ಹುಡುಕುವಾಗ ಅದನ್ನು ಆರಿಸಿಡಿ, ಇಲ್ಲದಿದ್ದರೆ ಸಾಕ್ಷ್ಯವೇ ಜಾಗ ಬದಲಿಸುತ್ತಿರುತ್ತದೆ.

ಬಿಟ್ ಸರಿಯಾಗಿ ಬಂದರೂ ಕೆಲಸ ಆಗದಿರಲು ಮೂರು ಮಾಮೂಲಿ ಕಾರಣಗಳಿವೆ. ಎ ಬಟನ್ ಹೊಸದಾಗಿ ಒತ್ತಿದ್ದರೆ ಮಾತ್ರ ಜಿಗಿತ. ಹಿಂದಿನ ಫ್ರೇಮ್‌ನಲ್ಲೂ ಒತ್ತಿದ್ದರೆ (000ಡಿ ನೋಡಿ) ಆಟ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೆಲದ ಮೇಲೆ ಕೆಳಗೆ ಬಟನ್ ಜೊತೆ ಎಡ ಅಥವಾ ಬಲ ಒತ್ತಿದರೆ ಎರಡೂ ರದ್ದಾಗುತ್ತವೆ, ಮಾರಿಯೋ ಬಗ್ಗುವುದೂ ಇಲ್ಲ, ಓಡುವುದೂ ಇಲ್ಲ. ಇನ್ನು ಎಡ ಬಲ ಒಟ್ಟಿಗೆ ಒತ್ತುವ ತಂತ್ರ: ಎಮ್ಯುಲೇಟರ್‌ನಲ್ಲಿ ವಿರುದ್ಧ ದಿಕ್ಕುಗಳಿಗೆ ಅನುಮತಿ ಕೊಡದಿದ್ದರೆ ಕೈಯಿಂದ ರೆಕಾರ್ಡ್ ಮಾಡುವಾಗ ಒಂದು ಬಟನ್ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಜಿಗಿತದ ಎತ್ತರ ತುಸು ಬದಲಾದಂತೆ ಕಂಡರೆ ಜಿಗಿದ ಫ್ರೇಮ್‌ನಲ್ಲಿ 0700 ನೋಡಿ. ಅಲ್ಲಿನ ವೇಗ 25 ಅಥವಾ ಹೆಚ್ಚಿದ್ದರೆ ಮೇಲ್ಮುಖ ವೇಗ 5ರಿಂದ ಶುರು, 24 ಅಥವಾ ಕಡಿಮೆಯಿದ್ದರೆ 4ರಿಂದ. ನಡಿಗೆಯ ಗರಿಷ್ಠ ವೇಗ ಸರಿಯಾಗಿ 24, ಓಟದ್ದು 40; ಅಂದರೆ ನಡೆಯುತ್ತ ಜಿಗಿದವನಿಗೆ ಎತ್ತರದ ಜಿಗಿತ ಎಂದೂ ಸಿಗದು. ಕೆಂಡ ಎಸೆಯಲು ಬಿ ಬಿಟ್ಟು ಒತ್ತುವುದರಿಂದ ವೇಗ ಹೋಗುವುದಿಲ್ಲ, 0783ರ ಟೈಮರ್ 10 ಫ್ರೇಮ್ ಕಾಪಾಡುತ್ತದೆ.

ವಾಲ್ ಜಂಪ್ ಆಗುತ್ತಿಲ್ಲ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಗಾಳಿಯಲ್ಲಿರುವಾಗ ಗೋಡೆಗೆ ತಾಗಿ ಮತ್ತೆ ಜಿಗಿಯುವ ಇದನ್ನು ಅದೃಷ್ಟದ ಗ್ಲಿಚ್ ಎಂದುಕೊಂಡವರೇ ಜಾಸ್ತಿ. ನಿಜದಲ್ಲಿ ಇದು ಶುದ್ಧ ಲೆಕ್ಕ.

ಮಾರಿಯೋನ ಪಾದದ ಎರಡು ಬಿಂದುಗಳು ಅವನ ಅಡ್ಡ ಸ್ಥಾನದಿಂದ 3 ಮತ್ತು 12 ಪಿಕ್ಸೆಲ್ ದೂರದಲ್ಲಿವೆ. ಪಕ್ಕದ ಬಿಂದುಗಳು 2 ಮತ್ತು 13ರಲ್ಲಿವೆ. ಅಂದರೆ ಬಲಗಡೆಯ ಗೋಡೆಯನ್ನು ಪಕ್ಕದ ಬಿಂದು ಪಾದಕ್ಕಿಂತ ಒಂದು ಪಿಕ್ಸೆಲ್ ಮೊದಲು ಮುಟ್ಟುತ್ತದೆ. ಆದರೆ ಒಂದೇ ಫ್ರೇಮ್‌ನಲ್ಲಿ ಆಟ ಮೊದಲು ಪಾದ ಪರೀಕ್ಷಿಸುತ್ತದೆ, ಆಮೇಲೆ ಪಕ್ಕ. ಗ್ಲಿಚ್ ಇರುವುದು ಈ ಕ್ರಮದಲ್ಲಿ: ಹಿಂದಿನ ಫ್ರೇಮ್‌ನಲ್ಲಿ ಪಕ್ಕದ ಬಿಂದು ಗೋಡೆಯ ಹೊರಗಿದ್ದು, ಈ ಫ್ರೇಮ್‌ನಲ್ಲಿ ಪಾದದ ಬಿಂದು ಗೋಡೆಯೊಳಗೆ ಬಂದಿದ್ದರೆ ಆಟ ಅವನನ್ನು ಗೋಡೆಯ ಇಟ್ಟಿಗೆಯ ಮೇಲೆ ನಿಂತವನೆಂದು ತಿಳಿಯುತ್ತದೆ.

ಲೆಕ್ಕ ಹಾಕಿ. ಗೋಡೆಯ ಎಡ ಅಂಚಿನ ಪಿಕ್ಸೆಲ್ ಗ ಎನ್ನಿ. ಹಿಂದಿನ ಫ್ರೇಮ್‌ನಲ್ಲಿ ಮಾರಿಯೋನ ಸ್ಥಾನ ಗ−14 ಅಥವಾ ಇನ್ನೂ ಎಡಕ್ಕೆ ಇರಬೇಕು. ಈ ಫ್ರೇಮ್‌ನಲ್ಲಿ ಗ−12 ಅಥವಾ ಇನ್ನೂ ಬಲಕ್ಕೆ. ಒಂದು ಫ್ರೇಮ್‌ನಲ್ಲಿ ಕನಿಷ್ಠ 2 ಪಿಕ್ಸೆಲ್ ಚಲನೆ ಬೇಕು. ಪೂರ್ಣ ಓಟದ ವೇಗ ಫ್ರೇಮಿಗೆ 2.5 ಪಿಕ್ಸೆಲ್, ಹಾಗಾಗಿ ಪಿಕ್ಸೆಲ್ ಲೆಕ್ಕದಲ್ಲಿ ಒಮ್ಮೆ 2, ಒಮ್ಮೆ 3. ಗ−14ರಿಂದ ಹೊರಟರೆ ಎರಡೂ ನಡೆಯುತ್ತವೆ. ಗ−15ರಿಂದ 3 ಮಾತ್ರ ನಡೆಯುತ್ತದೆ. ಗ−15ರಿಂದ 2 ಅಥವಾ ಗ−16ರಿಂದ 3 ಬಂದರೆ ಗ−13ರಲ್ಲಿ ನಿಲ್ಲುತ್ತಾನೆ: ಪಕ್ಕ ಮುಟ್ಟಿತು, ಪಾದ ಮುಟ್ಟಲಿಲ್ಲ, ವೇಗ ಸೊನ್ನೆಯಾಯಿತು, ಒಂದು ಪಿಕ್ಸೆಲ್ ಹಿಂದಕ್ಕೆ ತಳ್ಳಿದ್ದೂ ಆಯಿತು. ಪೂರ್ಣ ವೇಗದಲ್ಲಿ ಬಂದರೂ ವಾಲ್ ಜಂಪ್ ತಪ್ಪುವುದು ಹೀಗೆ. ಎಂದೋ ಹಿಂದಿನ ನಿಲುಗಡೆಯಲ್ಲಿ 0400 ಅರ್ಧ ಪಿಕ್ಸೆಲ್ ಬದಲಾದದ್ದು ಇಲ್ಲಿ ಬಂದು ಕಾಡುತ್ತದೆ.

ಲಂಬ ದಿಕ್ಕಿನಲ್ಲಿ ಎರಡು ಷರತ್ತು. 009ಎಫ್ ಋಣ ಇರಬಾರದು. ಮೇಲೇರುವಾಗ ಪಾದದ ಪರೀಕ್ಷೆಯೇ ನಡೆಯುವುದಿಲ್ಲ. ಪಾದ ಇಟ್ಟಿಗೆಯ ಮೇಲಂಚಿನಿಂದ 0ರಿಂದ 4 ಪಿಕ್ಸೆಲ್ ಒಳಗಿರಬೇಕು. 5 ಅಥವಾ ಹೆಚ್ಚಾದರೆ ಆಟ ಅದನ್ನು ಗೋಡೆಯ ಪೆಟ್ಟು ಎಂದು ಪರಿಗಣಿಸುತ್ತದೆ. ಬೀಳುವ ಗರಿಷ್ಠ ವೇಗ ಫ್ರೇಮಿಗೆ 4ರಿಂದ 5 ಪಿಕ್ಸೆಲ್ ಆಗಿರುವುದರಿಂದ ಪ್ರತಿ 16 ಪಿಕ್ಸೆಲ್ ಅಂಚಿನಲ್ಲೂ ಒಂದು ಫ್ರೇಮಾದರೂ ಈ ಕಿಂಡಿಯೊಳಗೆ ಬೀಳುತ್ತದೆ. ಆ ಫ್ರೇಮ್ ಮತ್ತು ಅಡ್ಡ ದಿಕ್ಕಿನ ಫ್ರೇಮ್ ಒಂದೇ ಆಗಬೇಕು, ಅಷ್ಟೇ ಕಷ್ಟ.

ಎರಡೂ ಕೂಡಿದರೆ 00ಸಿಇ 16ರ ಗುಣಕಕ್ಕೆ ಸರಿಹೊಂದುತ್ತದೆ. ಅದು ಕಂಡ ಮುಂದಿನ ಫ್ರೇಮ್‌ನಲ್ಲೇ ಎ ಒತ್ತಿ, ಅದಕ್ಕೆ ಮುಂಚಿನ ಫ್ರೇಮ್‌ನಲ್ಲಿ ಎ ಬಿಟ್ಟಿರಲಿ. 00ಸಿಇ ಹೊಂದಿಕೊಂಡರೂ ಜಿಗಿಯದಿದ್ದರೆ ಎ ಬಟನ್ ದೋಷ. ಹೊಂದಿಕೊಳ್ಳದೆ 0785ರಲ್ಲಿ 16 ಕಂಡರೆ ಪಕ್ಕದ ಪೆಟ್ಟು ಮೊದಲು ಬಿದ್ದಿದೆ, ಸಬ್‌ಪಿಕ್ಸೆಲ್ ಸರಿಪಡಿಸಿ.

ಸರಿಪಡಿಸುವುದು ಹೇಗೆ? ಗೋಡೆಯ ಹತ್ತಿರ ವೇಗ ಕಳೆಯಬೇಡಿ. ಲೆವೆಲ್ ಶುರುವಿನಲ್ಲಿ, ವೇಗ ಏರುತ್ತಿರುವಾಗ ಒಂದು ಫ್ರೇಮ್ ಬಲ ಬಟನ್ ಬಿಟ್ಟರೆ ಅಥವಾ ಜಿಗಿತದ ಫ್ರೇಮ್ ಒಂದು ಸರಿಸಿದರೆ ಒಟ್ಟು ದೂರ ಕೆಲವು ಹದಿನಾರನೇ ಭಾಗ ಬದಲಾಗುತ್ತದೆ. ಅಲ್ಲಿ ಮಾಡಿದ ತಿದ್ದುಪಡಿಯ ಬೆಲೆ ಎಲ್ಲಕ್ಕಿಂತ ಕಡಿಮೆ.

ಗೋಡೆಯೊಳಗೆ ಹೋದ ಮೇಲೆ

ಪಕ್ಕದ ಪರೀಕ್ಷೆಯಲ್ಲಿ ಎಡಬದಿಯ ಬಿಂದು ಮೊದಲು. ಅದು ಘನ ಇಟ್ಟಿಗೆಯೊಳಗಿದ್ದು ಬಲಮುಖ ವೇಗ ಇಲ್ಲದಿದ್ದರೆ ಆಟ ಮಾರಿಯೋನನ್ನು ಫ್ರೇಮಿಗೆ ಒಂದು ಪಿಕ್ಸೆಲ್ ಬಲಕ್ಕೆ ತಳ್ಳುತ್ತದೆ. ಮಧ್ಯದಲ್ಲಿ ಸಿಕ್ಕಿಕೊಂಡು ಎಡಕ್ಕೆ ಉಗುಳಿದರೆ ಎಡ ಬಿಂದು ಇನ್ನೂ ಒಳಗೆ ಹೋಗಿರಲಿಲ್ಲ ಎಂದೇ ಅರ್ಥ.

ಈ ತಳ್ಳುವಿಕೆಯ ಒಂದು ಗುಣ 4-2ರ ತಪ್ಪು ವಾರ್ಪ್‌ಗೆ (ಪೈಪಿನಿಂದ ಅದರದ್ದಲ್ಲದ ಜಾಗಕ್ಕೆ ಹೋಗುವ ಗ್ಲಿಚ್) ಆಧಾರ: ಅದು ಪರದೆಯನ್ನು ಸರಿಸುವುದಿಲ್ಲ. ಪರದೆ ಸರಿಯುವುದು ಮಾರಿಯೋ ತಾನಾಗಿ ಚಲಿಸಿದಷ್ಟೇ. ಸಾಮಾನ್ಯವಾಗಿ ಅವನು ಪರದೆಯ 112ನೇ ಪಿಕ್ಸೆಲ್ ಹತ್ತಿರ ಇರುತ್ತಾನೆ. 4-2ರಲ್ಲಿ ಅದಕ್ಕಿಂತ 20 ಪಿಕ್ಸೆಲ್ ಮುಂದೆ ಬೇಕು. ಆಗ ಪರದೆ ಮುಂದಿನ ಪ್ರದೇಶ ಸೂಚಕವನ್ನು 0750ಕ್ಕೆ ಬರೆಯುವ ಮೊದಲೇ ಪೈಪಿಗೆ ಇಳಿಯಬಹುದು, ಬಳ್ಳಿಯ ದಾರಿಗೆ ಮೀಸಲಾದ ವಾರ್ಪ್ ಕೋಣೆ ತೆರೆಯುತ್ತದೆ. ನಾಣ್ಯದ ಕೋಣೆಗೆ ಹೋದಿರಾದರೆ ಪೈಪಿಗೆ ಇಳಿಯುವ ಫ್ರೇಮ್‌ನಲ್ಲಿ 0755 ಮತ್ತು 0750 ನೋಡಿ. ಒಂದೆರಡು ಪಿಕ್ಸೆಲ್ ಕೊರತೆಯಿದ್ದರೆ ಹಿಂದಿನ ಇಟ್ಟಿಗೆಗೆ ತಾಗಿಸಿ ಪಡೆದ ತಳ್ಳುವಿಕೆಗಳಲ್ಲಿ ಒಂದು ತಪ್ಪಿದೆ.

1-2ರ ಮೈನಸ್ ವರ್ಲ್ಡ್‌ನದೂ ಇದೇ ಜಾತಿಯ ದೋಷ. ವಾರ್ಪ್ ಕೋಣೆಯ ಸೂಚಕ 06ಡಿ6 ಸರಿಯಾಗುವ ಮೊದಲೇ ಪೈಪಿಗೆ ಇಳಿದರೆ ಕೋಷ್ಟಕದ ತಪ್ಪು ಸಾಲು ಓದಲ್ಪಡುತ್ತದೆ. ಅಲ್ಲಿ 36, 5, 36 ಇವೆ. 36ನೇ ಚಿತ್ರ ಖಾಲಿ ಆಗಿರುವುದರಿಂದ ಪರದೆಯ ಮೇಲೆ ಬರೀ −1 ಕಾಣುತ್ತದೆ. 5-1ಕ್ಕೆ ಹೋದರೆ ಗ್ಲಿಚ್ ಕೆಟ್ಟಿಲ್ಲ, ಮಧ್ಯದ ಪೈಪಿಗೆ ಇಳಿದಿದ್ದೀರಿ. 4-1ಕ್ಕೆ ಹೋದರೆ ಪರದೆ ಹೆಚ್ಚು ಸರಿದಿದೆ.

ಶತ್ರು ಇದ್ದಲ್ಲಿ ಇಲ್ಲ, ಇದ್ದರೂ ತಾಗುವುದಿಲ್ಲ

ಮಾರಿಯೋ ಮತ್ತು ಶತ್ರುವಿನ ಡಿಕ್ಕಿಯನ್ನು ಆಟ ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್ ನೋಡುತ್ತದೆ, 0009 ಸಮ ಇದ್ದಾಗ ಮಾತ್ರ. ತುಳಿಯುವ ಫ್ರೇಮ್ ಬೆಸಕ್ಕೆ ಬಿದ್ದರೆ ಮುಂದಿನ ಸಮ ಫ್ರೇಮ್‌ನಲ್ಲಿ ಮಾರಿಯೋ ಎಷ್ಟು ಕೆಳಗಿದ್ದಾನೆ ಎಂಬುದರ ಮೇಲೆ ತುಳಿತವೋ ಸಾವೋ ತೀರ್ಮಾನವಾಗುತ್ತದೆ. 8-2ರಲ್ಲಿ ಬುಲೆಟ್ ಬಿಲ್ (ಫಿರಂಗಿಯಿಂದ ಹಾರುವ ಗುಂಡು) ಮೇಲೆ ಪುಟಿದು ಮಾಡುವ ಧ್ವಜದ ಗ್ಲಿಚ್ ತಪ್ಪಿದರೆ ಮೊದಲು ಈ ಸಮ ಬೆಸ ನೋಡಿ.

ಬುಲೆಟ್ ಹಾರದೇ ಇದ್ದರೆ ಮಾತು ಬೇರೆ. ಫಿರಂಗಿ ಮೊದಲ ಮೂರು ಸ್ಲಾಟ್‌ಗಳನ್ನು ಮಾತ್ರ ಬಳಸುತ್ತದೆ. ಪ್ರತಿ ಸ್ಲಾಟ್‌ಗೂ 07ಎ8, 07ಎ9, 07ಎಎ ಬೈಟ್‌ಗಳ ಕೆಳಗಿನ ಕೆಲವು ಬಿಟ್ ಓದುತ್ತದೆ, 6 ಅಥವಾ ಹೆಚ್ಚು ಬಂದರೆ ಆ ಫ್ರೇಮ್‌ನಲ್ಲಿ ಏನೂ ಇಲ್ಲ. ಇನ್‌ಪುಟ್‌ನಿಂದ ಈ ಬೈಟ್ ಬದಲಿಸಲಾಗದು. ಉಳಿದ ದಾರಿ ಮೂರೇ: ಆ ಜಾಗಕ್ಕೆ ಬೇರೆ ಫ್ರೇಮ್‌ನಲ್ಲಿ ತಲುಪುವುದು, ಸ್ಲಾಟ್ ಖಾಲಿ ಮಾಡುವುದು, ಇಲ್ಲವೇ ಹಿಂದಿನ ಲೆವೆಲ್ ಒಂದು ಫ್ರೇಮ್‌ರೂಲ್ (21 ಫ್ರೇಮ್‌ಗಳ ಸುತ್ತು) ತಡವಾಗಿ ಮುಗಿಸುವುದು. ಕೊನೆಯದು ದುಬಾರಿ.

ಗ್ಲಿಚ್ ಆಯಿತು, ಸಮಯ ಉಳಿಯಲಿಲ್ಲ

ಇದು ದೋಷವೇ ಅಲ್ಲ, ಆದರೂ ದೂರು ಮಾತ್ರ ತಪ್ಪದು. 077ಎಫ್ 20ರಿಂದ 0ವರೆಗೆ ಇಳಿದು ಮತ್ತೆ 20ಕ್ಕೆ ಬರುತ್ತದೆ, ಒಟ್ಟು 21 ಫ್ರೇಮ್, ಸುಮಾರು 0.35 ಸೆಕೆಂಡ್. ಲೆವೆಲ್ ಬದಲಾಗುವುದು ಈ ಸುತ್ತಿನ ಗಡಿಯಲ್ಲಿ ಮಾತ್ರ. ಧ್ವಜ ಇಳಿಯುವುದನ್ನು ತಪ್ಪಿಸಿ 15 ಫ್ರೇಮ್ ಉಳಿಸಿದರೂ ಹಿಂದಿನ ಗಡಿ ಹಿಡಿಯದಿದ್ದರೆ ಸಿಗುವುದು ಸೊನ್ನೆ. ಗಡಿಗೆ ಒಂದೇ ಫ್ರೇಮ್ ಕೊರತೆಯಿದ್ದಲ್ಲಿ ಒಂದು ಫ್ರೇಮ್ ಉಳಿಸಿದರೆ 21 ಸಿಗುತ್ತದೆ. ಆದ್ದರಿಂದ ಮೊದಲು ಪ್ರತಿ ಲೆವೆಲ್ ಗಡಿಗಿಂತ ಎಷ್ಟು ಫ್ರೇಮ್ ಮುಂಚೆ ಮುಗಿಯುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಆ ಬಿಡುವು ಇರುವಲ್ಲಿ ಸಬ್‌ಪಿಕ್ಸೆಲ್ ತಿದ್ದುವುದು ಪುಕ್ಕಟೆ. ಆಟ ಮುಗಿಸುವ 8-4ರ ಕೊಡಲಿಗೆ ಈ ನಿಯಮ ಅನ್ವಯಿಸದು, ಅಲ್ಲಿ ಪ್ರತಿ ಫ್ರೇಮ್‌ಗೂ ಬೆಲೆಯಿದೆ.

ಸಮಯ ಹೋಲಿಸುವಾಗ ಒಂದು ಎಚ್ಚರ. ಟ್ಯಾಸ್ ಮೂವಿಯ ಸಮಯ ಪವರ್ ಹಾಕಿದಾಗಿನಿಂದ ಕೊನೆಯ ಇನ್‌ಪುಟ್‌ವರೆಗೆ. ವಾರ್ಪ್ ಬಳಸುವ ಪ್ರಸಿದ್ಧ ಮೂವಿಯ 4:57.31 ಎಂದರೆ 17,868 ಫ್ರೇಮ್. ಕೈಯಿಂದ ಆಡುವವರ ಗಡಿಯಾರ ಮಾರಿಯೋ ಕೈಗೆ ಸಿಕ್ಕಾಗ ಶುರುವಾಗಿ ಕೊಡಲಿ ಮುಟ್ಟಿದಾಗ ನಿಲ್ಲುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮನುಷ್ಯ ಯಂತ್ರವನ್ನು ಸೋಲಿಸಿದ ಎನ್ನುವುದು ಲೆಕ್ಕದ ತಪ್ಪು.

ಎಮ್ಯುಲೇಟರ್‌ನಲ್ಲಿ ಸರಿ, ಕನ್ಸೋಲ್‌ನಲ್ಲಿ ಇಲ್ಲ

ಕನ್ಸೋಲ್‌ಗೆ ಇನ್‌ಪುಟ್ ಕೊಡುವ ಸಾಧನ ಪರದೆಯ ಫ್ರೇಮ್ ಎಣಿಸಬಾರದು, ಕಂಟ್ರೋಲರ್ ಪೋರ್ಟಿನ ಲ್ಯಾಚ್ (ಬಟನ್ ಓದಲು ಆಟ ಕಳಿಸುವ ಸಂಕೇತ) ಎಣಿಸಬೇಕು. ಈ ಆಟ ಪ್ರಕ್ರಿಯಿಸಿದ ಪ್ರತಿ ಫ್ರೇಮ್‌ಗೂ ಒಂದೇ ಬಾರಿ ಲ್ಯಾಚ್ ಮಾಡುತ್ತದೆ. ಹಾಗಾಗಿ ಮೂವಿಯಿಂದ ಲ್ಯಾಗ್ ಫ್ರೇಮ್‌ಗಳ ಸಾಲುಗಳನ್ನು ತೆಗೆದು, ಉಳಿದದ್ದನ್ನು ಲ್ಯಾಚ್‌ಗೆ ಒಂದರಂತೆ ಕೊಡಿ. ಲ್ಯಾಗ್ ಸಾಲು ಒಂದು ಉಳಿದುಕೊಂಡರೂ ಅಲ್ಲಿಂದ ಮುಂದೆಲ್ಲ ಒಂದು ಫ್ರೇಮ್ ತಡ.

ಕನ್ಸೋಲ್‌ನ ರಾಮ್ ಓದಲಾಗದು, ಆದರೆ ಪರದೆಯೇ ಸಾಕ್ಷಿ ಹೇಳುತ್ತದೆ. ಮೊದಲ ಲೆವೆಲ್ ಸರಿಯಾಗಿ ಹೋಗಿ ಮುಂದೆ ಎಲ್ಲೋ ಫಿರಂಗಿ ಮಾತ್ರ ಬೇರೆ ಹೊತ್ತಿಗೆ ಹಾರಿದರೆ ಸ್ಟಾರ್ಟ್ ಒತ್ತಿದ ಫ್ರೇಮ್ ತಪ್ಪಿದೆ: ಚಲನೆಯೆಲ್ಲ ಹೊಂದಿಕೊಂಡು ರ‍್ಯಾಂಡಮ್ ಮಾತ್ರ ಸರಿದಿದೆ. ಮೊದಲ ಜಿಗಿತದಲ್ಲೇ ಗೂಂಬಾ ಎಂಬ ಶತ್ರುವಿಗೆ ತಾಗಿ ಸತ್ತರೆ ಬೂಟ್ ಫ್ರೇಮ್ ವ್ಯತ್ಯಾಸ. ತಲೆಯಲ್ಲಿ ಒಂದು ಖಾಲಿ ಇನ್‌ಪುಟ್ ಸೇರಿಸಿ, ಆಗದಿದ್ದರೆ ಒಂದು ತೆಗೆದು ನೋಡಿ. ಪ್ರತಿ ಬಾರಿ ಬೇರೆ ಬೇರೆ ಜಾಗದಲ್ಲಿ ಕೆಡುತ್ತಿದ್ದರೆ ಮೂವಿಯನ್ನು ಬಿಟ್ಟುಬಿಡಿ. ತಂತಿ, ಕನೆಕ್ಟರ್, ಲ್ಯಾಚ್ ಸಿಗ್ನಲ್‌ನ ಗದ್ದಲ ಹುಡುಕಿ. ಮೂವಿಯ ದೋಷ ಯಾವತ್ತೂ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.